ಮೂವತ್ನಾಲ್ಕು ಸುತ್ತು

ಮೋಟಾರು ಸುಟ್ಟ ವಾಸನೆಯನ್ನು ನಾನು ಹತ್ತು ಮಾರು ದೂರದಿಂದಲೇ ಹಿಡಿಯುತ್ತೇನೆ. ಗೂಡ್ಸ್ ಆಟೋ ಅಂಗಡಿಯ ಮುಂದೆ ನಿಲ್ಲುವ ಮೊದಲೇ ಒಳಗಿನಿಂದ “ಐದು ಎಚ್‌ಪಿ, ನೀರು ಹೊಕ್ಕು ಸುಟ್ಟೈತಿ” ಎಂದು ಕೂಗಿಬಿಟ್ಟರೆ ಬಂದವರು ಬಾಯಿ ತೆರೆದು ನಿಲ್ಲುತ್ತಿದ್ದರು. ಹತ್ತರಲ್ಲಿ ಎಂಟು ಸಲ ನನ್ನ ಮಾತು ಸರಿ ಇರುತ್ತಿತ್ತು. ಉಳಿದ ಎರಡು ಸಲ ಮೋಟಾರೇ ತಪ್ಪು ರೀತಿಯಲ್ಲಿ ಸುಟ್ಟಿರುತ್ತಿತ್ತು.

ಗದಗಿನಿಂದ ಬೆಟಗೇರಿಗೆ ಹೋಗುವ ರಸ್ತೆಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರಿನೊಳಗಿನ ಹಳೆಯ ತಾಮ್ರದ ತಂತಿ ಕಿತ್ತು ಹೊಸ ತಂತಿ ಕಟ್ಟುವ ಕೆಲಸ. ತಂತಿಯನ್ನು ಉಂಗುರದ ಹಾಗೆ ಸುತ್ತಿದರೆ ಅದಕ್ಕೆ ಕಾಯಿಲ್ ಅನ್ನುತ್ತೇವೆ. ಆ ಕಾಯಿಲುಗಳನ್ನು ಮೋಟಾರಿನ ಕಬ್ಬಿಣದ ಒಳಗೋಡೆಗಿರುವ ಸಾಲು ಸಾಲು ಸೀಳಿನಂಥ ಸ್ಲಾಟುಗಳಲ್ಲಿ ಕೂರಿಸಿ, ಮೇಲೆ ಬಿದಿರಿನ ಬೆಣೆ ಹೊಡೆದು, ವಾರ್ನಿಷ್ ಕುಡಿಸಿ, ಒಲೆಯಲ್ಲಿ ಒಣಗಿಸಬೇಕು. ಇಷ್ಟೆಲ್ಲದರ ಜೀವ ಇರುವುದು ಒಂದು ಅಂಕಿಯಲ್ಲಿ. ಒಂದು ಕಾಯಿಲಿಗೆ ಎಷ್ಟು ಸುತ್ತು? ಅದು ತಪ್ಪಿದರೆ ಉಳಿದದ್ದೆಲ್ಲ ಬರೀ ಅಲಂಕಾರ.

ಅದಕ್ಕಾಗಿಯೇ ನಮ್ಮ ಕಸಬಿನಲ್ಲಿ ಒಂದು ಪದ್ಧತಿ ಇದೆ. ಹಳೆಯ ಕಾಯಿಲುಗಳಲ್ಲಿ ಒಂದನ್ನು ಕತ್ತರಿಸಿ ಸುತ್ತು ಎಣಿಸಿ, ಅದನ್ನು ಮೊಳೆಗೆ ತೂಗುಹಾಕುತ್ತಾರೆ. ಮೋಟಾರು ಗಿರಾಕಿಯ ಜಾಗದಲ್ಲಿ ಓಡಿದ ಖಬರು ಬರುವವರೆಗೆ ಇಳಿಸುವುದಿಲ್ಲ. ಪಕ್ಕದಲ್ಲಿ ಸುಣ್ಣದ ಗೋಡೆಯ ಮೇಲೆ ಅಂಕಿ ಬರೆದಿಡುತ್ತಾರೆ. ನನ್ನ ಅಂಗಡಿಯ ಗೋಡೆ ನೋಡಿದವರು ಈಗಷ್ಟೇ ಸುಣ್ಣ ಹೊಡೆಸಿದ್ದೀರಾ ಎಂದು ಕೇಳುತ್ತಿದ್ದರು. ಒಂದು ಮೊಳೆ ಇಲ್ಲ, ಒಂದು ಅಂಕಿ ಇಲ್ಲ. ಹಳೆಯ ತಾಮ್ರ ಅವತ್ತೇ ಗುಜರಿ ಕೊಳ್ಳುವ ಮೋಡಕಾದವನ ತಕ್ಕಡಿಗೆ ಹೋಗುತ್ತಿತ್ತು. ಮುಂಡರಗಿಯ ಹೊಲದ ಮೋಟಾರಿರಲಿ, ಲಕ್ಷ್ಮೇಶ್ವರದ ಎಣ್ಣೆ ಗಾಣದ್ದಿರಲಿ, ಒಂದು ಸಲ ಎಣಿಸಿದೆನೆಂದರೆ ಮುಗಿಯಿತು, ನನ್ನ ತಲೆಯಲ್ಲಿ ಇರುತ್ತಿತ್ತು. ಏಳನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟವನಿಗೆ ದೇವರು ಕೊಟ್ಟ ಪದವಿ ಅದು. ಅದನ್ನು ನಾನು ಕೋಟಿನ ಹಾಗೆ ತೊಟ್ಟುಕೊಂಡೇ ಓಡಾಡಿದೆ.

ನಮ್ಮ ಪಕ್ಕದ ಅಂಗಡಿ ನನ್ನ ಗೆಳೆಯನದು, ಟ್ರ್ಯಾಕ್ಟರ್ ರೇಡಿಯೇಟರ್ ರಿಪೇರಿ. ಇಬ್ಬರೂ ಒಂದೇ ದಿನ ಶಾಲೆ ಬಿಟ್ಟವರು. ಅವನು ಎಲ್ಲವನ್ನೂ ಬರೆದಿಡುವ ಮನುಷ್ಯ. ಚಹಾ ಕುಡಿದದ್ದನ್ನೂ ಬಾಗಿಲ ಹಿಂದೆ ಗೀಟು ಹಾಕಿ ಇಡುತ್ತಿದ್ದ.

“ಲೇ, ಎಲ್ಲಾ ತಲಿಯಾಗ ತುಂಬತಿಯಲ್ಲ, ಅದೇನ ಗೋದಾಮೇನು? ಒಂದಿನ ಮ್ಯಾಲಿನ ಚೀಲ ಜಾರಿ ಬೀಳತಾವ ನೋಡು” ಎಂದು ಅವನು ಅನ್ನುವುದು.

“ಬರಕೊಳ್ಳೂದು ತಲಿ ಇಲ್ಲದವ್ರ ಕೆಲಸಲೇ. ನಾ ಬರದಿಟ್ಟ ದಿನ ಈ ಕುರ್ಚಿಯಿಂದ ಎದ್ದೆ ಅಂತ ತಿಳಿ” ಎಂದು ನಾನು ಅನ್ನುವುದು.

ಅರವತ್ತೈದು ದಾಟಿದ ಮೇಲೆ ಚೀಲಗಳು ಸಣ್ಣಗೆ ಜಾರತೊಡಗಿದವು. ಮೊದಮೊದಲು ಅದು ಬೇರೆಯವರ ತಪ್ಪೆಂದೇ ನನಗೆ ಖಾತ್ರಿ ಇತ್ತು. ಎದುರಿಗೆ ಬಂದವರ ಹೆಸರು ನೆನಪಾಗದಿದ್ದರೆ ಅವರು ಅಷ್ಟು ದಿನ ಕಾಣಿಸದೆ ಇದ್ದದ್ದೇ ಕಾರಣ. ವಾರ್ನಿಷ್ ತರಲು ಪೇಟೆಗೆ ಹೋಗಿ ಬ್ರಷ್ ಹಿಡಿದು ಬಂದರೆ ಅಂಗಡಿಯವನು ಬ್ರಷ್ ಮುಂದೆ ಇಟ್ಟದ್ದು ತಪ್ಪು. ಹಾಗೆ ಒಂದು ತಿಂಗಳಲ್ಲಿ ಆರು ಬ್ರಷ್ ಕೂಡಿದವು.

ನನ್ನ ಹೆಂಡತಿ ಅವನ್ನು ಸಾಲಾಗಿ ಕಿಟಕಿಯಲ್ಲಿ ನಿಲ್ಲಿಸಿದಳು. ಮದುವೆಯಾದಾಗಿನಿಂದ ಅಂಗಡಿಯಲ್ಲಿ ಸ್ಲಾಟಿಗೆ ಹಾಕುವ ಕಾಗದವನ್ನು ಅಳತೆಗೆ ಕತ್ತರಿಸಿ ಮಡಿಸಿ ಕೊಡುವವಳು ಅವಳೇ.

“ಇನ್ನ ಆರ ತಂದ್ರ ಒಂದ ಡಜನ್ ತುಂಬತೈತಿ ನೋಡ್ರಿ” ಎಂದಳು.

“ಬ್ರಷ್ ತುಟ್ಟಿ ಆಗಾಕತ್ತಾವಂತ ತಂದ ಇಟ್ಟೀನಿ. ವ್ಯಾಪಾರ ನಿನಗೇನ ಗೊತ್ತು?”

“ಹೌದ ಹೌದು. ವಾರ್ನಿಷ್ ಸೋವಿ ಆಗಾಕತ್ತೈತೇನ ಮತ್ತ?”

ಉತ್ತರ ನೆನಪಾಗಲಿಲ್ಲ. ಅದನ್ನೂ ಮರೆವಿನ ಲೆಕ್ಕಕ್ಕೇ ಹಾಕಿದಳೋ ಏನೋ.

ಖಾರ ಕುಟ್ಟಿಸುವ ದಿನಗಳು ಶುರುವಾಗಿದ್ದವು. ಬೇಸಿಗೆ ಬಲಿಯುವ ಮೊದಲು ನಮ್ಮ ಕಡೆ ಪ್ರತಿ ಮನೆಯವರೂ ವರ್ಷಕ್ಕಾಗುವಷ್ಟು ಕೆಂಪು ಮೆಣಸಿನಕಾಯಿ ಒಣಗಿಸಿ ಗಿರಣಿಗೆ ಒಯ್ಯುತ್ತಾರೆ. ಆಗಲೇ ಶಿರಹಟ್ಟಿಯ ಗಿರಣಿಯ ಮೋಟಾರು ಸುಟ್ಟು ನನ್ನಲ್ಲಿಗೆ ಬಂತು. ಗಿರಣಿ ನಡೆಸುವ ಅಕ್ಕ ತಾನೇ ಗೂಡ್ಸ್ ಆಟೋದ ಹಿಂದೆ ಮೋಟಾರಿನ ಪಕ್ಕದಲ್ಲಿ ಕುಳಿತು ಬಂದಿದ್ದಳು. ಹತ್ತು ಎಚ್‌ಪಿಯ ಮೋಟಾರನ್ನೂ ಗಿರಾಕಿಗಳನ್ನೂ ಒಂದೇ ದನಿಯಲ್ಲಿ ಗದರುವ ಹೆಂಗಸು.

“ಅಣ್ಣಾರ, ಗಿರಣಿ ಮುಂದ ಚೀಲ ಪಾಳಿ ಹಚ್ಚ್ಯಾವ. ನಾಲ್ಕ ದಿನದಾಗ ಬೇಕು” ಎಂದಳು.

“ಮೂರ ದಿನಕ್ಕ ಒಯ್ಯಾಕ ಬರ್ರಿ” ಎಂದೆ. ನಾಲ್ಕು ದಿನ ಅಂದವರಿಗೆ ಮೂರು ಎನ್ನುವುದು ನನ್ನ ಚಾಳಿ.

ಒಂದು ಕಾಯಿಲ್ ಕತ್ತರಿಸಿ ಎಣಿಸಿದೆ. ಎಣಿಸುವುದು ಮುಗಿದ ಗಳಿಗೆಗೆ ಸರಿಯಾಗಿ ಮುಂಡರಗಿಯಿಂದ ಒಬ್ಬರ ಫೋನು ಬಂತು. ಹಿಂದಿನ ವಾರ ಒಯ್ದ ಮೋಟಾರು ಬಂಗಾರದಂಥಾ ನೀರು ಎತ್ತುತ್ತಿದೆ ಎಂದು ಹೊಗಳಿದರು. ಹೊಗಳಿಕೆಯನ್ನು ಅರ್ಧಕ್ಕೆ ಬಿಡುವ ಸ್ವಭಾವ ನನ್ನದಲ್ಲ, ಪೂರ್ತಿ ಕೇಳಿದೆ. ಫೋನು ಇಟ್ಟು, ಮೋಡಕಾದವನು ಬಾಗಿಲಿಗೆ ಬಂದಿದ್ದನೆಂದು ಹಳೆಯ ತಾಮ್ರವನ್ನೆಲ್ಲ ತೂಗಿ ಕೊಟ್ಟು, ಹೊಸ ತಂತಿ ಸುತ್ತಲು ಕುಳಿತೆ. ಒಂದು ಕಾಯಿಲಿಗೆ ಮೂವತ್ತೊಂಬತ್ತು ಸುತ್ತು.

ಕಾಯಿಲುಗಳನ್ನು ಸ್ಲಾಟಿನಲ್ಲಿ ಕೂರಿಸುವಾಗ ಹೆಬ್ಬೆರಳು ತಕರಾರು ಮಾಡಿತು. ತಂತಿ ಒಳಗೆ ಇಳಿಯುತ್ತಲೇ ಇಲ್ಲ. ಮೂರು ಬೆಣೆ ಮುರಿದವು.

“ಕಾಗದ ದಪ್ಪ ಕತ್ತರಿಸೀದಿ” ಎಂದು ಹೆಂಡತಿಯನ್ನು ಬೈದೆ.

“ಕಾಗದ ದಪ್ಪ ಕತ್ತರಿಸಾಕ ಬರ್ತೈತೇನ್ರಿ? ಉದ್ದ ಕತ್ತರಿಸಬಹುದು, ಅಡ್ಡ ಕತ್ತರಿಸಬಹುದು.”

“ಹಂಗಾರ ಸ್ಲಾಟ್ ಸಣ್ಣ ಆಗ್ಯಾವು. ಕಬ್ಬಿಣಕ್ಕೂ ವಯಸ್ಸಾಗ್ತೈತಿ.”

ಕಬ್ಬಿಣಕ್ಕೆ ಇಲ್ಲದ ವಯಸ್ಸನ್ನು ಕಬ್ಬಿಣದ ತಲೆಗೆ ಕಟ್ಟಿ, ಸುತ್ತಿಗೆಯಿಂದ ತಟ್ಟಿ ತಟ್ಟಿ ಎಲ್ಲವನ್ನೂ ಒಳಗೆ ತುರುಕಿದೆ. ಅಂಗಡಿಯಲ್ಲಿ ಓಡಿಸಿ ನೋಡಿದರೆ ಮೋಟಾರು ಜೇನುಹುಳದ ಹಾಗೆ ಗುಂಯ್ ಎಂದಿತು. ಮೂರನೆಯ ದಿನ ಅದನ್ನು ಶಿರಹಟ್ಟಿಗೆ ಒಯ್ದು ನಾನೇ ಕೂರಿಸಿದೆ.

ಗಿರಣಿಯ ಮುಂದೆ ಹದಿನೈದು ಇಪ್ಪತ್ತು ಹೆಂಗಸರು ಚೀಲಗಳ ಮೇಲೆ ಕುಳಿತಿದ್ದರು. ಬೇರೆ ಗಿರಣಿಗೆ ಹೋಗಿ ಎಂದರೆ ಹೋಗುವವರಲ್ಲ. ಖಾರದ ಬಣ್ಣ ಈ ಗಿರಣಿಯಲ್ಲಿ ಬರುವ ಹಾಗೆ ಬೇರೆಲ್ಲೂ ಬರುವುದಿಲ್ಲವೆಂದು ಅವರ ನಂಬಿಕೆ. ಅಷ್ಟು ಜನರ ಮುಂದೆ ಬಟನ್ ಒತ್ತುವ ಭಾಗ್ಯ ಬಂದಾಗ ಸುಮ್ಮನೆ ಒತ್ತಲು ಮನಸ್ಸು ಬರಲಿಲ್ಲ.

“ನಾ ಕಟ್ಟಿದ ಮೋಟಾರು ರೀ ಇದು. ಇನ್ನ ಹದಿನೈದು ವರ್ಷ ನೀವು ಇದರ ಸುದ್ದಿಗೆ ಬರೂದ ಬ್ಯಾಡ” ಎಂದು ಹೇಳಿ ಒತ್ತಿದೆ.

ಬೆಲ್ಟು ತಿರುಗಿತು. ಎಲ್ಲರೂ ಸೆರಗು ಸರಿಮಾಡಿಕೊಂಡು ಎದ್ದರು. ಅಕ್ಕ ಮೊದಲ ಚೀಲದ ಮೆಣಸಿನಕಾಯಿ ಸುರಿದಳು. ಮೋಟಾರು ಒಂದು ಸಲ ‘ಹೂಂ’ ಎಂದಿತು. ಎರಡನೆಯ ಸಲ ಉಸಿರು ಸಿಕ್ಕಿಕೊಂಡ ಎಮ್ಮೆಯ ಹಾಗೆ ‘ಹೂಂ...ಉಂ’ ಎಂದು ನಿಂತುಬಿಟ್ಟಿತು. ಮೆಣಸಿನಕಾಯಿ ತೆಗೆದರೆ ಓಡುತ್ತದೆ, ಹಾಕಿದರೆ ನಿಲ್ಲುತ್ತದೆ. ನಾಲ್ಕು ಸಲ ಹಾಕಿ ತೆಗೆದು ಮಾಡುವಷ್ಟರಲ್ಲಿ ಅರ್ಧ ಮುರಿದ ಮೆಣಸಿನಕಾಯಿಯ ಘಾಟು ಏರಿ ಇಡೀ ಪಾಳಿ ಸೀನತೊಡಗಿತು.

“ಅಣ್ಣಾರ, ನಿಮ್ಮ ಮೋಟಾರು ಖಾರ ಉಣ್ಣಂಗಿಲ್ಲೇನ್ರಿ? ಸಪ್ಪನ ಅಡಗಿ ಹಾಕ್ರಿ ಅದಕ್ಕ” ಎಂದಳು ಪಾಳಿಯಲ್ಲಿದ್ದ ಒಬ್ಬಾಕೆ, ಮೂಗಿಗೆ ಸೆರಗು ಒತ್ತಿ.

“ಹದಿನೈದು ವರ್ಷ ಸುದ್ದಿಗೆ ಬರಬ್ಯಾಡ್ರಿ ಅಂದಿದ್ರಲ್ಲ, ಖರೇನ ಐತಿ ಬಿಡ್ರಿ. ಇದು ಓಡಾಕ ಹದಿನೈದು ವರ್ಷ ಬೇಕು” ಎಂದಳು ಇನ್ನೊಬ್ಬಳು.

ಗಿರಣಿಯ ಅಕ್ಕ ಮಾತ್ರ ನಗಲಿಲ್ಲ. ನನ್ನನ್ನು ಬದಿಗೆ ಕರೆದು ದನಿ ತಗ್ಗಿಸಿದಳು. ಆಕೆ ದನಿ ತಗ್ಗಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಅಣ್ಣಾರ, ಸುತ್ತ ಏನರ ತಪ್ಪ್ಯಾವೇನು? ನಿಮಗ ಆರಾಮ ಐತಿಲ್ಲೋ? ಇನ್ನೊಂದ ಸಲ ಕಟ್ಟಿಕೊಡ್ರಿ. ಆಗಲಿಲ್ಲ ಅಂದ್ರ ಹೇಳಿಬಿಡ್ರಿ, ಹುಬ್ಬಳ್ಳಿಗೆ ಒಯ್ತೀನಿ. ಬೇಜಾರ ಮಾಡ್ಕೋಬ್ಯಾಡ್ರಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಕೆಲಸ ಶಿರಹಟ್ಟಿಯಿಂದ ಹುಬ್ಬಳ್ಳಿಗೆ ಹೋದರೆ ಅದರ ಹಿಂದೆಯೇ ಒಂದು ಮಾತು ಮುಂಡರಗಿಗೂ ಲಕ್ಷ್ಮೇಶ್ವರಕ್ಕೂ ಹೋಗುತ್ತದೆ: ‘ಅವನ ತಲೆ ಹೋಗಿದೆ’. ಆಮೇಲೆ ನನ್ನ ಕುರ್ಚಿಯಲ್ಲಿ ನಾನು ಕುಳಿತರೂ ಮುಂದೆ ಮೋಟಾರು ಬಂದು ಕೂರುವುದಿಲ್ಲ.

ಮೋಟಾರು ಹೇರಿಕೊಂಡು ಗದಗಿಗೆ ಮರಳುವಾಗ ದಾರಿಯುದ್ದಕ್ಕೂ ನೆನಪು ಕೆದಕಿದೆ. ಎಣಿಸಿದ್ದು ನೆನಪಿದೆ, ಬೆರಳಿಗೆ ಮಸಿ ಹತ್ತಿದ್ದು ನೆನಪಿದೆ. ಅಂಕಿಯ ಜಾಗದಲ್ಲಿ ಮಾತ್ರ ಮೂವತ್ತೊಂಬತ್ತೇ ಬಂದು ಕೂರುತ್ತದೆ. ಅಂಗಡಿ ಮುಟ್ಟುವ ಹೊತ್ತಿಗೆ ಹೊಳೆಯಿತು: ಮೂವತ್ತೊಂಬತ್ತು ಮುಂಡರಗಿಯವರ ಮೋಟಾರಿನದು. ಫೋನಿನಲ್ಲಿ ಹೊಗಳಿಸಿಕೊಂಡ ಮೋಟಾರಿನ ಅಂಕಿ ಬಂದು ಗಿರಣಿಯ ಮೋಟಾರಿನ ಅಂಕಿಯನ್ನು ಎಬ್ಬಿಸಿ ಆ ಜಾಗದಲ್ಲಿ ಕುಳಿತಿತ್ತು. ಎದ್ದುಹೋದದ್ದು ಎಷ್ಟು? ಮೊಳೆಗೆ ತೂಗುಹಾಕಿದ ಕಾಯಿಲ್ ಇಲ್ಲ. ಮೋಡಕಾದವನ ಹತ್ತಿರ ಓಡಿದೆ. ತಾಮ್ರ ಹಿಂದಿನ ದಿನವೇ ಲಾರಿ ಹತ್ತಿತ್ತು.

ನನ್ನಪ್ಪನೂ ಗಟ್ಟಿ ಮನುಷ್ಯ. ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ದುಡಿದವನು. ಕೊನೆಯ ಎರಡು ವರ್ಷ ನಾನು ಊಟದ ತಾಟು ಇಟ್ಟರೆ ‘ಯಾರ ಪೈಕಿಯಪಾ ನೀನು? ಭಾಳ ಚೊಲೋ ಹುಡುಗ ಇದ್ದೀದಿ’ ಎನ್ನುತ್ತಿದ್ದ. ಅವನ ಮಗನೆಂದು ಹೇಳಿದರೆ ನಂಬದೆ ನಗುತ್ತಿದ್ದ. ಆ ದಿನ ನನ್ನ ಕುರ್ಚಿಯಲ್ಲಿ ಕುಳಿತಾಗ ಅದೆಲ್ಲ ಸ್ಪಷ್ಟವಾಗಿ ನೆನಪಾಯಿತು. ಬೇಡದ್ದು ಎಷ್ಟು ಚೆನ್ನಾಗಿ ನೆನಪಿರುತ್ತದೆ ನೋಡಿ.

ಹೆಂಡತಿ ಆರು ಬ್ರಷ್‌ಗಳ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, “ನಾಳೆ ಡಾಕ್ಟರ್ ಕಡೆ ಹೋಗೂಣು. ಮೋಟಾರ ಕೆಟ್ರ ನಿಮ್ಮ ಕಡೆ ತರ್ತಾರ. ನೀವು ಕೆಟ್ರ ಎಲ್ಲಿ ಒಯ್ಯಬೇಕು ಮತ್ತ?” ಎಂದಳು. ಅವಳ ಮಾತಿಗೆ ನಾನು ಎದುರಾಡದೆ ಇದ್ದದ್ದು ಅವಳಿಗೆ ಇನ್ನಷ್ಟು ಹೆದರಿಕೆ ಹುಟ್ಟಿಸಿತೆಂದು ಆಮೇಲೆ ಹೇಳಿದಳು.

ಗದಗಿನಲ್ಲೇ ಒಬ್ಬ ಡಾಕ್ಟರು ಇದ್ದರು, ನಮ್ಮ ಮಗಳ ವಾರಿಗೆಯ ಹೆಣ್ಣುಮಗಳು, ಧಾರವಾಡದ ಕಡೆಯವರು. ನನ್ನನ್ನು ನೋಡಿದ ಕೂಡಲೇ “ಬರ್ರಿ ಅಜ್ಜಾರ” ಎಂದರು. ಅಲ್ಲಿಗೆ ಅರ್ಧ ಕಾಯಿಲೆ ಹೆಚ್ಚಾಯಿತು.

“ಐದು ಶಬ್ದ ಹೇಳ್ತೀನಿ, ನೆನಪಿಟ್ಕೊಳ್ರಿ. ಆಮ್ಯಾಲೆ ಕೇಳ್ತೀನಿ. ಕೊಡೆ, ಬದನಿಕಾಯಿ, ಗುಬ್ಬಿ, ಹಗ್ಗ, ದೀಪ.”

ನಂತರ ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದರು. ಅಂಕಿಯ ವಿಷಯ ಬಂತಲ್ಲ, ನಾನು ಬೆನ್ನು ನೆಟ್ಟಗೆ ಮಾಡಿದೆ. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು... ಅವರು ಸಾಕು ಎಂದು ಕೈ ಎತ್ತಿದರೂ ನಿಲ್ಲಲಿಲ್ಲ. “ಕಡೀಕ ಎರಡ ಉಳದ್ವು ಮೇಡಂ. ಅವನ್ನೇನ ಮಾಡ್ಲಿ?” ಎಂದೆ.

“ನಿಮ್ಮ ಕಡೇನ ಇರ್ಲಿ ರೀ” ಎಂದರು.

ಒಂದು ನಿಮಿಷದಲ್ಲಿ ಎಷ್ಟಾಗುತ್ತದೋ ಅಷ್ಟು ಪ್ರಾಣಿಗಳ ಹೆಸರು ಹೇಳಿ ಎಂದರು. ಮೊಮ್ಮಕ್ಕಳನ್ನು ಕರೆದುಕೊಂಡು ಬಿಂಕದಕಟ್ಟಿಯ ಮೃಗಾಲಯಕ್ಕೆ ಎಷ್ಟೋ ಸಲ ಹೋಗಿದ್ದೇನೆ. ಕಣ್ಣು ಮುಚ್ಚಿ ಗೇಟಿನಿಂದ ಒಳಗೆ ಹೊಕ್ಕೆ. ಎಡಗಡೆಯಿಂದ ಒಂದೊಂದೇ ಪಂಜರ ನೋಡುತ್ತಾ ಹೇಳುತ್ತಾ ಹೋದೆ. ನಡುವೆ ಒಮ್ಮೆ ನಿಂತೆ.

“ಯಾಕ್ರಿ, ಮರತ್ರೇನು?”

“ಇಲ್ರಿ. ಇಲ್ಲೆ ಒಂದು ಪಂಜರ ಖಾಲಿ ಇತ್ತು.”

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಗಡಿಯಾರದ ಚಿತ್ರ ಬರೆದು ಹತ್ತೂವರೆ ತೋರಿಸಿ ಎಂದರು. ನಾನು ಅವರ ಮೇಜಿನ ಮೇಲಿನ ಔಷಧಿ ಬಾಟಲಿಯ ಮುಚ್ಚಳ ಇಟ್ಟು ದುಂಡಗೆ ಗೀಟು ಎಳೆದು, ಹನ್ನೆರಡು ಭಾಗ ಸಮನಾಗಿ ಮಾಡಿ, ಮುಳ್ಳು ಇಟ್ಟು, ಕೆಳಗೆ ಎರಡು ಗೆರೆ ಹೊರಗೆ ತೆಗೆದೆ.

“ಈ ಎರಡು ಗೆರಿ ಏನ್ರಿ?”

“ಕನೆಕ್ಷನ್ ರೀ. ಕರೆಂಟ್ ಇಲ್ಲದ ಗಡಿಯಾರ ಓಡೂದು ಹೆಂಗ?”

ಕಡೆಗೆ ಆ ಐದು ಶಬ್ದ ಕೇಳಿದರು. ಬದನೆಕಾಯಿ ಬಂತು, ಹಗ್ಗ ಬಂತು, ದೀಪ ಬಂತು. ಉಳಿದೆರಡು ಬರಲಿಲ್ಲ. ಅವರು ‘ಒಂದು ಹಕ್ಕಿ’ ಎಂದ ಕೂಡಲೇ ಗುಬ್ಬಿ ಹಾರಿ ಬಂದು ಕುಳಿತಿತು. ಕೊಡೆ ಬರಲೇ ಇಲ್ಲ. “ನಮ್ಮ ಕಡೆ ಮಳಿ ಕಡಿಮಿ ರೀ, ಕೊಡಿ ಯಾರ ನೆನಪ ಇಡ್ತಾರ?” ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟು, ನನ್ನ ದಿನಚರಿ, ನಿದ್ದೆ, ಕಿವಿ, ಬಿಪಿ ಎಲ್ಲ ವಿಚಾರಿಸಿದರು. ರಕ್ತ ತಪಾಸಣೆಗೆ ಬರೆದರು. ಆಮೇಲೆ ನಾನು ಕೇಳಬೇಕೆಂದಿದ್ದನ್ನು ಹೆಂಡತಿಯೇ ಕೇಳಿದಳು: “ಇವ್ರ ಅಪ್ಪಗ ಆಗಿತ್ರಿ. ಇವ್ರಿಗೂ ಅದ ಐತೇನ್ರಿ?”

“ಇವತ್ತು ನೋಡಿದ್ರಾಗ ಅದರ ಲಕ್ಷಣ ಕಾಣವಲ್ಲದು. ಆರ ತಿಂಗಳ ಬಿಟ್ಟು ಮತ್ತ ನೋಡೂಣು” ಎಂದರು. “ಬೀಗದ ಕೈ ಎಲ್ಲಿಟ್ಟೆ ಅನ್ನೂದು ಮರೆಯೋದು ಬ್ಯಾರೆ. ಬೀಗದ ಕೈ ಯಾತಕ್ಕ ಅನ್ನೂದ ಮರೆಯೋದು ಬ್ಯಾರೆ. ನಿಮ್ಮದು ವಯಸ್ಸಿಂದು.”

“ವಯಸ್ಸಾದ್ರ ಒಳಗ ಏನಾಗ್ತೈತ್ರಿ? ತಂತಿ ಸುಡ್ತಾವೇನು?” ಎಂದು ಕೇಳಿದೆ. ಕಾರಣ ತಿಳಿಯದೆ ಯಾವ ಮೋಟಾರನ್ನೂ ನಾನು ಮುಚ್ಚಿದವನಲ್ಲ.

ಅವರು ನಾನು ಬರೆದ ಗಡಿಯಾರದ ಹಿಂಬದಿಯಲ್ಲಿ ಒಂದು ಗಿಡದಂಥಾದ್ದನ್ನು ಬರೆದರು. ನರಕೋಶ ಅಂದರೆ ಇದು ಎಂದರು. ಮೇಲೆ ಟೊಂಗೆ, ಟೊಂಗೆಯ ತುಂಬ ಸಣ್ಣ ಸಣ್ಣ ಚಿಗುರು, ಕೆಳಗೆ ಒಂದು ಉದ್ದನೆಯ ಬೇರು. ಒಂದರ ಬೇರಿನ ತುದಿ ಇನ್ನೊಂದರ ಚಿಗುರಿನ ಹತ್ತಿರ ಬಂದು ನಿಲ್ಲುತ್ತದೆ. ಮುಟ್ಟುವುದಿಲ್ಲ. ನಡುವೆ ಕೂದಲೆಳೆಗಿಂತ ಸಣ್ಣ ಸಂದು. ಆ ಸಂದಿನಲ್ಲಿ ಒಂದು ರಸಾಯನ ದಾಟಿ ಸುದ್ದಿ ಮುಟ್ಟಿಸುತ್ತದೆ.

“ವಯಸ್ಸಾದ್ರ ಗಿಡಾ ಎಲ್ಲಾ ಸಾಯ್ತಾವಂತ ಮಂದಿ ತಿಳದಾರ. ಹಂಗಿಲ್ಲ. ಬಹಳಷ್ಟು ಗಿಡಾ ಇರ್ತಾವ. ಟೊಂಗಿ ಗಿಡ್ಡ ಆಗ್ತಾವ, ಚಿಗುರು ಉದುರ್ತಾವ, ಒಂದಕ್ಕೊಂದು ಜೋಡಣಿ ಕಡಿಮಿ ಆಗ್ತಾವ. ಆ ರಸಾಯನ ಅದೂ ಕಡಿಮಿ. ಬೇರಿನ ಮ್ಯಾಲೆ ಕೊಬ್ಬಿನ ಒಂದು ಹೊದಿಕಿ ಇರ್ತದ, ಅದು ಅಲ್ಲಲ್ಲೆ ಸವೀತದ. ಆಗ ಸುದ್ದಿ ಹೋಗೂದು ತಡಾ ಆಗ್ತದ.”

“ಅಂದ್ರ ತಂತಿ ಗಟ್ಟಿ ಐತಿ, ಮ್ಯಾಲಿನ ಇನ್ಸುಲೇಶನ್ ಹೋಗೇತಿ ಅನ್ರಿ.”

“ಆ ಹೊದಿಕಿ ಮಟ್ಟಿಗೆ ಹಂಗ ತಿಳೀರಿ.”

“ಮತ್ತ ಒಂದ ಕೈ ವಾರ್ನಿಷ್ ಕುಡಿಸಿ, ಒಲಿಯಾಗ ಇಟ್ಟು ತಗದ್ರ?”

“ಅಜ್ಜಾರ, ತಲೀನ ಒಲಿಯಾಗ ಇಡಬ್ಯಾಡ್ರಿ” ಎಂದರು ಅವರು, ನಗದೆ. “ಇದು ಮೋಟಾರಲ್ಲ. ನಿಮ್ಮ ಮೋಟಾರಿನ ತಂತಿ ತಾನಾಗಿ ಹೊಸಾ ಕನೆಕ್ಷನ್ ಮಾಡ್ಕೋತದೇನು? ಇದು ಈ ವಯಸ್ಸಿನಾಗೂ ಮಾಡ್ಕೋತದ. ನಡೀಬೇಕು, ನಿದ್ದಿ ಮಾಡಬೇಕು, ನಾಲ್ಕು ಮಂದಿ ಜೋಡಿ ಮಾತಾಡಬೇಕು, ಹೊಸಾದು ಏನರ ಕಲೀಬೇಕು.”

ನನ್ನ ಕಸಬಿಗಿಂತ ಅವರ ಕಸಬು ಒಂದು ಕೈ ಮೇಲಾಯಿತೆಂದು ಸ್ವಲ್ಪ ಹೊಟ್ಟೆಯುರಿ ಆಯಿತು. ಆದರೂ ಎರಡು ಮೋಟಾರಿನ ಅಂಕಿ ಅದಲುಬದಲಾದ ಕಥೆ ಹೇಳಿದೆ. ಅವರು ಅದನ್ನು ಲಕ್ಷ್ಯ ಕೊಟ್ಟು ಕೇಳಿದರು.

“ಒಂದರಂಗ ಒಂದು ಇರೋ ಎರಡು ನೆನಪನ್ನ ಬ್ಯಾರೆ ಬ್ಯಾರೆ ಮಾಡಿ ಇಡೂದು ವಯಸ್ಸಾದಂಗ ಮಿದುಳಿಗೆ ತ್ರಾಸ ಆಗ್ತದ್ರಿ. ನಡುವ ಯಾರರ ಮಾತಾಡಿಸಿದ್ರ ಇನ್ನೂ ತ್ರಾಸ. ಆದ್ರ ಕೈಯಿಂದ ಮಾಡಿದ ಕೆಲಸದ ನೆನಪದಲ್ಲ, ಅದರ ದಾರೀನ ಬ್ಯಾರೆ. ಅದು ಭಾಳ ದಿನ ಬಾಳಿಕಿ ಬರ್ತದ. ಅಂಕಿ ಮಾತ್ರ ಬರದಿಡ್ರಿ.”

“ಬರಿಯೂದು ಒಂದ ಬಿಟ್ಟು ಬ್ಯಾರೆ ಔಷಧ ಇಲ್ಲೇನ್ರಿ?” ಎಂದು ಕೇಳಿದೆ.

ಹೊರಗೆ ಬಂದ ಮೇಲೆ ಹೆಂಡತಿ, “ಕಹಿ ಗುಳಿಗಿ ಕೊಟ್ರ ನುಂಗ್ತಿದ್ರಿ. ಪೆನ್ಸಿಲ್ ಕೊಟ್ರ ಮುಖಾ ನೋಡ್ರಿ ಹೆಂಗಾತು” ಎಂದಳು.

ಅಂಗಡಿಗೆ ಬಂದು ಮೋಟಾರಿನ ಮುಂದೆ ಕುಳಿತೆ. ಕೈಯ ದಾರಿ ಬೇರೆ ಎಂದ ಮಾತು ತಲೆಯಲ್ಲಿ ತಿರುಗುತ್ತಿತ್ತು. ತಂತಿ ಕೂರಿಸುವಾಗ ಹೆಬ್ಬೆರಳು ತಕರಾರು ಮಾಡಿದ್ದು, ಬೆಣೆ ಮುರಿದದ್ದು. ಕೈ ಮೂರು ಸಲ ಹೇಳಿತ್ತು, ನಾನು ಕಬ್ಬಿಣಕ್ಕೆ ವಯಸ್ಸಾಯಿತೆಂದು ಸುತ್ತಿಗೆ ಎತ್ತಿದ್ದೆ.

ಕಟ್ಟಿದ್ದನ್ನೆಲ್ಲ ಕತ್ತರಿಸಿ ತೆಗೆದೆ. ಸ್ಲಾಟು ಉಜ್ಜಿ ಶುದ್ಧ ಮಾಡಿದೆ. ಹೆಂಡತಿ ಹೊಸ ಕಾಗದ ಮಡಿಸಿ ಕೊಟ್ಟಳು. ಅವಳಿಗೆ ಹೇಳಿದೆ: “ನಾ ಕಣ್ಣ ಮುಚ್ಚಿ ಒಂದೊಂದ ಎಳಿ ಸ್ಲಾಟಿನಾಗ ಇಡ್ತೀನಿ. ಒಂದ ಎಳಿ ಅಂದ್ರ ಒಂದ ಸುತ್ತು. ನೀ ಎಣಸು. ನನಗ ಹೇಳಬ್ಯಾಡ. ಬೆಣೆ ಕೂಡ್ರೂ ಹದಕ್ಕ ಬಂತು ಅಂತ ಬೆರಳಿಗೆ ಅನಸಿದಾಗ ಸಾಕ ಅಂತೀನಿ.”

ಅಷ್ಟರಲ್ಲಿ ರೇಡಿಯೇಟರಿನ ಗೆಳೆಯ ಬಂದು ನಿಂತ. ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಂಡು ಮೋಟಾರಿನೊಳಗೆ ಬೆರಳಾಡಿಸುವ ನನ್ನನ್ನು, ಪಕ್ಕದಲ್ಲಿ ತುಟಿ ಆಡಿಸುತ್ತ ಕುಳಿತ ಹೆಂಡತಿಯನ್ನು ನೋಡಿದ.

“ಏನ ನಡದೈತ್ರಿ ವೈನಿ? ಭವಿಷ್ಯ ಕೇಳಾಕತ್ತೀರೇನು?”

“ಬಾಯಿ ಮುಚ್ಚಲೇ, ಲೆಕ್ಕ ತಪ್ಪತೈತಿ” ಎಂದು ನಾನು ಕಣ್ಣು ತೆರೆಯದೆ ಹೇಳಿದೆ.

ಮೊದಲ ಸ್ಲಾಟು ಮುಗಿಯಿತು. ಅವಳು ನೆಲದ ಮೇಲೆ ಸೀಮೆಸುಣ್ಣದಿಂದ ಏನೋ ಬರೆದು ಮೇಲೆ ಡಬ್ಬಿ ಕವುಚಿದಳು. ಎರಡನೆಯ ಸ್ಲಾಟು. ಮೂರನೆಯದು. ಬೆರಳು ಒಂದು ಹದಕ್ಕೆ ಬಂದಾಗ ಯಾರೂ ಹೇಳದೆ ನಿಲ್ಲುತ್ತಿತ್ತು. ರೊಟ್ಟಿ ಬಡಿಯುವವರ ಕೈ ಇನ್ನೊಂದು ಏಟು ಬೇಡ ಎಂದು ನಿಲ್ಲುತ್ತದಲ್ಲ, ಹಾಗೆ. ಐದು ಸ್ಲಾಟು ಆದ ಮೇಲೆ ಕಣ್ಣು ತೆರೆದೆ. ಹೆಂಡತಿ ಐದೂ ಡಬ್ಬಿ ಎತ್ತಿದಳು. ಮೂವತ್ತೈದು, ಮೂವತ್ನಾಲ್ಕು, ಮೂವತ್ನಾಲ್ಕು, ಮೂವತ್ನಾಲ್ಕು, ಮೂವತ್ನಾಲ್ಕು.

“ಆ ಮೂವತ್ತೈದು?” ಎಂದು ಗೆಳೆಯ ಕೇಳಿದ.

“ಅದು ನೀವು ಮಾತಾಡಿದ್ದು” ಎಂದಳು ಹೆಂಡತಿ.

ಮೂವತ್ನಾಲ್ಕು ಸುತ್ತಿನಿಂದ ಎಲ್ಲ ಕಾಯಿಲುಗಳನ್ನೂ ಸುತ್ತಿ ಕಟ್ಟಿದೆ. ಒಂದು ಬೆಣೆಯೂ ಮುರಿಯಲಿಲ್ಲ. ಆದರೆ ಖಾಲಿ ಓಡಿಸಿ ನೋಡಿ ಸಂತೋಷಪಡುವ ಧೈರ್ಯ ಈ ಸಲ ಇರಲಿಲ್ಲ. ಮೀಟರು ಹಿಡಿದು ಕರೆಂಟ್ ಎಷ್ಟು ಎಳೆಯುತ್ತದೆಂದು ನೋಡಿದೆ. ಸರಿಯಾಗಿತ್ತು. ಆದರೂ ಮೀಟರಿಗೆ ಮೆಣಸಿನಕಾಯಿ ತಿಳಿಯುವುದಿಲ್ಲ.

ವಾರ್ನಿಷ್ ಒಣಗಿ ಮೋಟಾರನ್ನು ಮುಚ್ಚುವ ಮುಂಚೆ, ಅದರ ಕನೆಕ್ಷನ್ ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದೆ. ಕಡೆಗೆ ಕಿಟಕಿಯಿಂದ ಒಂದು ಬ್ರಷ್ ತೆಗೆದುಕೊಂಡು ಮುಚ್ಚಳದ ಒಳಬದಿಗೆ ಬಿಳಿ ಬಣ್ಣದಲ್ಲಿ ‘34’ ಎಂದು ಬರೆದೆ. ಐವತ್ತು ವರ್ಷದಲ್ಲಿ ಮೊದಲ ಸಲ. ನಾಲ್ಕು ಸ್ವಲ್ಪ ಸೊಟ್ಟಗಾಯಿತು.

ಗೆಳೆಯ ಬಾಗಿಲಲ್ಲೇ ನಿಂತಿದ್ದ. ಈ ಅಂಕಿಗಾಗಿ ಅವನು ಎಷ್ಟು ವರ್ಷದಿಂದ ಕಾದಿದ್ದನೋ.

“ಏಳು ಮತ್ತ ಕುರ್ಚಿಯಿಂದ” ಎಂದ.

“ಏಳಾಕತ್ತೀನಿ. ಈ ಕಡೆ ಹಿಡಿ, ಆಟೋಕ್ಕ ಹಾಕೂಣು” ಎಂದೆ. ಇಬ್ಬರೂ ಸೇರಿ ಮೋಟಾರು ಎತ್ತಿದೆವು. ಭಾರಕ್ಕೆ ಅವನ ಬಾಯಿ ತಾನಾಗಿ ಮುಚ್ಚಿತು.

ಶಿರಹಟ್ಟಿಯಲ್ಲಿ ಪಾಳಿ ಇನ್ನೂ ಉದ್ದವಾಗಿತ್ತು. ಹಿಂದಿನ ಸಲ ನೋಡಿದವರು ನೋಡದವರಿಗೆ ಕಥೆ ಹೇಳಿಯಾಗಿತ್ತು. ನನ್ನನ್ನು ಕಂಡ ಕೂಡಲೇ ನಾಲ್ಕಾರು ಜನ ಮುಂಗಡವಾಗಿಯೇ ಮೂಗಿಗೆ ಸೆರಗು ಹಿಡಿದರು. ನಾನು ಭಾಷಣ ಮಾಡಲಿಲ್ಲ. ಬೋಲ್ಟು ಬಿಗಿದು, ಬೆಲ್ಟು ಹಾಕಿ, ಬಟನ್ ಒತ್ತಿ, ಬದಿಗೆ ನಿಂತೆ.

ಅಕ್ಕ ಒಂದು ಬೊಗಸೆ ಮೆಣಸಿನಕಾಯಿ ಹಾಕಿದಳು. ಮೋಟಾರಿನ ದನಿ ಸ್ವಲ್ಪ ಇಳಿಯಿತು. ಆಮೇಲೆ ದನಿ ಅಲ್ಲೇ ನಿಂತು, ಗಟ್ಟಿಯಾಗಿ, ಒಂದೇ ಸಮನೆ ಹಿಡಿದುಕೊಂಡಿತು. ಇನ್ನೊಂದು ಬೊಗಸೆ. ಆಮೇಲೆ ಅರ್ಧ ಚೀಲ. ಕೆಳಗಿನ ಬಾಯಿಯಿಂದ ಕೆಂಪಗೆ ಖಾರ ಬೀಳತೊಡಗಿತು. ಅಕ್ಕ ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿ, “ಬಣ್ಣ ಬಂತು” ಎಂದು ಪಾಳಿಗೆ ಕೂಗಿದಳು. ನನಗೆ ಹೇಳಿದ್ದಲ್ಲ. ಆದರೂ ನಾನೇ ತೆಗೆದುಕೊಂಡೆ.

ಎಂಟು ಚೀಲ ಮುಗಿಯುವವರೆಗೆ ಅಲ್ಲೇ ನಿಂತಿದ್ದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಖಾರದ ಗಿರಣಿಯಲ್ಲಿ ಗಂಡಸು ಅತ್ತರೆ ಯಾರೂ ಕಾರಣ ಕೇಳುವುದಿಲ್ಲ, ಅದೊಂದು ಅನುಕೂಲ.

ಹೊರಡುವಾಗ ಅಕ್ಕ ಒಂದು ಪೊಟ್ಟಣ ಖಾರ ಕಟ್ಟಿ ಕೈಗಿಟ್ಟು, “ಅಣ್ಣಾರ, ನಮ್ಮ ಅಳಿಯಾರದು ಮುಳಗುಂದದಾಗ ಹಿಟ್ಟಿನ ಗಿರಣಿ ಐತಿ. ಅವರ ಮೋಟಾರೂ ತಿರಗವಲ್ದು, ಬರೇ ಗುಂಯ್‌ಗುಡಾಕತ್ತೈತಿ. ನಾಳಿಗೆ ಕಳಸ್ಲೇನು?” ಎಂದಳು.

“ನಾಳಿಗೆ ಬ್ಯಾಡ್ರಿ, ನಾಡದು ಕಳಸ್ರಿ” ಎಂದೆ. ಜೀವನದಲ್ಲಿ ಮೊದಲ ಸಲ ಒಂದು ದಿನ ಹೆಚ್ಚು ಕೇಳಿದ್ದೆ. “ಮತ್ತ ನಾ ಸುತ್ತ ಎಣಸೂ ಹೊತ್ತಿನಾಗ ಅವರು ನನಗ ಫೋನ್ ಹಚ್ಚಬಾರದು ಅಂತ ಹೇಳಿ ಕಳಸ್ರಿ.”